ಒಂದು ಬೆರಳು ಹೊರಗೆ ಬಂದ ಗಾಲಿಗಳು

ನಮ್ಮ ಸೋದರಮಾವನಿಗೆ ಇನ್ನೂ ಮದುವೆಯಾಗಿಲ್ಲ ಎಂದು ಇಡೀ ಗಂಗಾವತಿ ನಂಬಿದೆ. ಶುದ್ಧ ಸುಳ್ಳು! ಹೋದ ವರ್ಷವೇ ಆಗಿದೆ. ಹೆಣ್ಣು ಕೆಂಪಗಿದ್ದಾಳೆ, ಗಿಡ್ಡಗಿದ್ದಾಳೆ, ಟರ್ಬೊ ಎಂಜಿನ್ ಇದೆ. ಅವಳು ಬರುವವರೆಗೆ ಮಾಮಾನ ಬೈಕಿನ ಹಿಂದಿನ ಸೀಟು ನನ್ನದಾಗಿತ್ತು. ಗೆಳೆಯರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಈಗ ಆ ಉರಿ ಪೂರ್ತಿ ನನ್ನ ಪಾಲಿಗೆ ಬಂದಿದೆ. ನನ್ನ ಪಿಯುಸಿ ಮಾರ್ಕ್ಸ್ ನೋಡಿ "ಹ್ಞೂಂ" ಎಂದಷ್ಟೇ ಅಂದ ಮನುಷ್ಯ, ಅವಳ ಬಾನೆಟ್ ಮೇಲೆ ಪಾರಿವಾಳ ಹಿಕ್ಕೆ ಹಾಕಿದಾಗ ಊಟ ಬಿಟ್ಟ! ಒಂದು ಕಾರಿನ ಮೇಲೆ ಮತ್ಸರವೇ ಎನ್ನುತ್ತೀರಾ? ಹೌದು, ಏನೀಗ?

"ತಿರುವಿನ್ಯಾಗ ಗಾಡಿ ಇನ್ನೂ ಗಟ್ಟಿ ನಿಲ್ಲಬೇಕಲೇ" ಎಂದು ಒಂದು ದಿನ ಸ್ಪೇಸರ್ ತರಿಸಿದ. ಗಾಲಿಯ ಒಳಬದಿಗೆ ಕೂರಿಸುವ ದಪ್ಪ ಅಲ್ಯೂಮಿನಿಯಂ ಬಿಲ್ಲೆ ಅದು. ಹಾಕಿದರೆ ಗಾಲಿಗಳು ಒಂದು ಬೆರಳು ಹೊರಗೆ ಬಂದು, ಕಾರು ಪೈಲವಾನನಂತೆ ಕಾಲಗಲಿಸಿ ನಿಲ್ಲುತ್ತದಂತೆ.

ಕೂರಿಸಿಕೊಟ್ಟ ಮೆಕ್ಯಾನಿಕ್ ಒಂದೇ ಮಾತು ಹೇಳಿದ: "ಹಿಂದ ಭಾಳ ಮಂದಿನ್ನ ಕೂಡಸಬ್ಯಾಡ್ರಿ. ಭಾರಕ್ಕ ಗಾಡಿ ಕುಂತ್ರ ಟೈರು ಮ್ಯಾಲಿನ ಮಡ್‌ಗಾರ್ಡಿಗೆ ತಿಕ್ಕತೈತಿ."

ಹೇಳಿದ್ದು ಯಾರಿಗೆ? ಐದು ಸೀಟಿನಲ್ಲಿ ಆರು ಜನ ಕೂರದಿದ್ದರೆ ಅದನ್ನು ಪ್ರಯಾಣವೆಂದೇ ಒಪ್ಪದ ಮನೆತನಕ್ಕೆ! ಜೊತೆಗೆ ಡಿಕ್ಕಿಯಲ್ಲಿ ಅಕ್ಕಿ ಚೀಲ. ಗಂಗಾವತಿಯವರು ಬೀಗರ ಮನೆಗೆ ಬರಿಗೈಲಿ ಹೋಗುವುದುಂಟೇ?

ಮೊದಲ ಭಾನುವಾರವೇ ಆನೆಗೊಂದಿಯ ಬೀಗರ ಮನೆಗೆ ಹೊರಟೆವು. ಮುಂದೆ ಅಜ್ಜಿ, ಹಿಂದೆ ಅವ್ವ, ಇಬ್ಬರು ಚಿಕ್ಕಮ್ಮಂದಿರು, ನಾನು. ಮೊದಲ ಸ್ಪೀಡ್ ಹಂಪಿನಲ್ಲೇ "ಕರ್ರ್ರ್!" ತನ್ನದೇ ಎಲುಬು ಮುರಿದಂತೆ ಮಾಮಾ ಬ್ರೇಕ್ ಹಾಕಿದ. ತಿರುಗಿ ಒಬ್ಬೊಬ್ಬರನ್ನೂ ಕಣ್ಣಲ್ಲೇ ತೂಗಿದ. ತಕ್ಕಡಿ ನನ್ನ ಮೇಲೆ ನಿಂತಿತು.

"ಏ ಅಳಿಯಾ, ಇಳಿ."

"ನಾ ಯಾಕ? ಅಕ್ಕಿ ಚೀಲ ಇಳಸು!"

"ಅಕ್ಕಿ ನಡ್ಯಾಂಗಿಲ್ಲಲೇ."

"ಇಳಿಯೋ ಯಪ್ಪಾ," ಎಂದಳು ಅವ್ವ, "ಹಂಪ್ ದಾಟಿದ ಮ್ಯಾಲ ಹತ್ತೀಯಂತ."

ಹಂಪು ಬಂದಲ್ಲೆಲ್ಲ ಇಳಿದೆ. ಗುಂಡಿ ಬಂದಲ್ಲೆಲ್ಲ ಇಳಿದೆ. ನಮ್ಮ ರಸ್ತೆಯಲ್ಲಿ ಇವೆರಡೂ ಇಲ್ಲದ ಜಾಗ ಎಲ್ಲಿದೆ ಹೇಳಿ! ಆನೆಗೊಂದಿಗೆ ಕಾರು ಹೋಯಿತು, ನಾನು ಹೆಚ್ಚುಕಡಿಮೆ ಪಾದಯಾತ್ರೆ ಮಾಡಿದೆ. ರಸ್ತೆಯ ಮೇಲೆ ಭತ್ತ ಒಣಹಾಕಿ ಕಾಯುತ್ತಿದ್ದ ಮುದುಕಿಯೊಬ್ಬಳು ಕೇಳಿಯೇಬಿಟ್ಟಳು:

"ತಮ್ಮಾ, ಗಾಡಿ ಇದ್ದೂ ಯಾಕ ಓಡಾಕತ್ತೀ?"

"ನಾ ಕುಂತ್ರ ಟೈರು ತಿಕ್ಕತೈತಿಬೇ."

"ಅಂದ್ರ ಗಾಡಿಗೆ ನೀ ಹೆಚ್ಚಾದಿ ಅನ್ನು!"

ಆಕೆ ನಗೆಯಾಡಿದ್ದು. ನನಗೆ ಮಾತ್ರ ನೇರ ಎದೆಗೆ ಬಡಿಯಿತು.

ಮುಂದಿನ ಭಾನುವಾರ ಮಾಮಾ, "ಸಾಣಾಪುರಕ್ಕ ಹೋಗೂಣ, ಬರ್ತಿಯೇನು?" ಎಂದ. "ಅಕ್ಕಿ ಚೀಲ ಕರ್ಕೊಂಡು ಹೋಗು" ಎಂದು ಮುಖ ತಿರುಗಿಸಿದೆ. ಒಬ್ಬನೇ ಹೋದ, ಬೇಗನೇ ಬಂದ. ಬಂದವನೇ ಜಾಕ್ ಹಚ್ಚಿ ಗಾಲಿ ಬಿಚ್ಚತೊಡಗಿದ. ಮೂರು ಸ್ಪೇಸರ್ ಹೊರಬಂದ ಮೇಲೆ ತಡೆಯಲಾಗದೆ ಹತ್ತಿರ ಹೋದೆ.

"ಯಾಕ, ಗಟ್ಟಿ ನಿಲ್ಲಲಿಲ್ಲೇನು ನಿನ್ನ ರಾಣಿ?"

"ಭಾಳ ಛಲೋ ನಿಂತ್ಲು. ಆ ದೊಡ್ಡ ತಿರುವಿನ್ಯಾಗ ಹಳಿ ಮ್ಯಾಲ ಹೋದಂಗ ಹೋದ್ಲು." ಮಾಮಾ ಬೋಲ್ಟ್ ಒರೆಸುತ್ತ ಕೂತ. "ಖುಷಿಲೆ ಬಾಜೂಕ ತಿರುಗಿ, 'ಹೆಂಗಲೇ ಅಳಿಯಾ!' ಅಂದ್ನಿ. ಸೀಟಿನ್ಯಾಗ ಯಾರೂ ಇದ್ದಿಲ್ಲ."

ನಾನು ಬೋಲ್ಟ್ ಬಿಚ್ಚುವ ಪಾನಾ ಎತ್ತಿಕೊಂಡು ನಾಲ್ಕನೇ ಗಾಲಿಯ ಮುಂದೆ ಕೂತೆ.