ಗಾಳಿಯಲ್ಲಿ ನಿಂತ ಬಾಲು

ಬನ್ನಿ, ಕೂತ್ಕೊಳ್ಳಿ. ಎಲೆ ಅಡಿಕೆ ಬೇಕಾದವರು ತಟ್ಟೆ ಎಳ್ಕೊಳ್ಳಿ, ಕಾಲು ನೋಯುವವರು ಚಾಚಿಕೊಳ್ಳಿ. ಮನೆಯಲ್ಲಿ ಒಂದು ಯಂತ್ರ ಇದ್ದರೆ ಕತೆಗೆ ಬರ ಇಲ್ಲ. ಅದು ನಡೆದರೆ ಒಂದು ಕತೆ, ನಿಂತರೆ ಹತ್ತು ಕತೆ. ಇದು ನಿಂತದ್ದರ ಕತೆ.

ಆಗ ನನ್ನ ಮಗಳು ಕೊಪ್ಪದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಳು. ಬೆಳಿಗ್ಗೆ ಟೈಪಿಂಗ್ ಕಲಿಯುವವರು, ಸಂಜೆ ಗೇಮ್ ಆಡುವವರು. ಬಾಳೆಹೊನ್ನೂರಿನ ನನ್ನ ಬೀಗಿತ್ತಿಗೆ, ಅಂದರೆ ಅವಳ ಅತ್ತೆಗೆ, ಅದು ಕಣ್ಣಿಗೆ ಬಿದ್ದ ಕಸ. ಸೊಸೆ ಬಂದು ತಮ್ಮ ಕಿರಾಣಿ ಅಂಗಡಿಯಲ್ಲಿ ಕೂರಬೇಕು ಅಂತ ಅವರ ಹಟ. ಅಳಿಯ ಅಮ್ಮನ ಮಾತಿಗೆ ಎದುರಾಡುವವನಲ್ಲ.

ಬಾಲು ನಿಂತದ್ದು

ಹೊಸ ಕ್ರಿಕೆಟ್ ಗೇಮಿನ ಸೀಡಿ ಬಂತು. ಮಗಳು ಹಾಕಿ ನೋಡುವ ಮೊದಲೇ ಶೃಂಗೇರಿ ಸೆಂಟರಿನವನಿಗೆ ಫೋನ್ ಮಾಡಿ, "ಭಾನುವಾರ ಬನ್ನಿ, ಕೊಪ್ಪ-ಶೃಂಗೇರಿ ಮ್ಯಾಚ್" ಅಂದುಬಿಟ್ಟಳು. ಸುದ್ದಿ ಬಾಳೆಹೊನ್ನೂರಿಗೂ ಹೋಯಿತು. ಬೀಗಿತ್ತಿಯ ಫೋನ್ ಬಂತು.

"ಭಾನುವಾರ ನಾನೂ ಬರ್ತೀನಿ. ನಿಮ್ಮ ಡಬ್ಬ ಸರಿಯಾಗಿ ನಡೆದರೆ ಸೈ. ನಿಂತರೆ ಬಾಗಿಲಿಗೆ ಬೀಗ ಹಾಕಿ ಸೊಸೇನ ಕರ್ಕೊಂಡು ಹೋಗ್ತೀನಿ. ಬೀಗ ನಾನೇ ತರ್ತೀನಿ."

ಮಗಳು ಆಗಲೇ ಸೀಡಿ ಹಾಕಿದಳು. ಬೌಲರ್ ಓಡಿ ಬಂದ, ಬಾಲು ಬಿಟ್ಟ. ಬಾಲು ಪಿಚ್ಚಿನ ಮಧ್ಯೆ ಗಾಳಿಯಲ್ಲಿ ನಿಂತುಬಿಟ್ಟಿತು. ನಾನು ಒಳಗೆ ಹೋಗಿ ಹಾಲು ಕಾಯಿಸಿ, ಇಳಿಸಿ, ಬೆಕ್ಕನ್ನು ಓಡಿಸಿ ಬಂದೆ. ಬಾಲು ಇನ್ನೂ ಅಲ್ಲೇ ಇತ್ತು.

ಮದುವೆ ಮನೆಯ ಒಲೆ

ನರಸಿಂಹರಾಜಪುರದಿಂದ ರಿಪೇರಿಯವನನ್ನು ಕರೆಸಿದೆವು. ಅವನು ಡಬ್ಬದ ಮುಚ್ಚಳ ಬಿಚ್ಚಿ ಬಗ್ಗಿ ನೋಡಿದ, ಸೀಡಿಯ ಕವರ್ ತಿರುಗಿಸಿ ನೋಡಿದ.

"ಅಮ್ಮ, ಮೆಷಿನ್ ಸರಿ ಇದೆ. ಗೇಮಿಗೆ ಬೇಕು ಅಂತ ಕವರಿನ ಮೇಲೆ ಬರೆದದ್ದೆಲ್ಲ ಇದರಲ್ಲಿದೆ. ಗೇಮ್ ಮಾಡಿದವರೇ ಅಚ್ಚುಕಟ್ಟಾಗಿ ಮಾಡಿಲ್ಲ. ಸಣ್ಣ ಕೆಲಸಕ್ಕೂ ಮೆಷಿನ್ನಿನ ಜೀವ ಹಿಂಡ್ತದೆ."

"ಹಂಗಾದ್ರೆ ಇಬ್ಬರ ಅನ್ನಕ್ಕೆ ಮದುವೆ ಮನೆಯ ಒಲೆ ಹಚ್ಚಿದ ಹಾಗಾಯ್ತಲ್ಲ ಮಾರಾಯ! ಈಗೆಂತ ಮಾಡೋದು?"

"ಆಟದೊಳಗಿನ ಭಾರ ಒಂದೊಂದೇ ಕಿತ್ತು ಹಾಕಬೇಕು."

ಮೊದಲು ಆಟಗಾರರ ನೆರಳು ತೆಗೆದ. ಬಾಲು ಸ್ವಲ್ಪ ಅಲ್ಲಾಡಿತು. ಹುಲ್ಲು ತೆಗೆದ. ಗ್ಯಾಲರಿಯ ಜನರನ್ನೆಲ್ಲ ತೆಗೆದ. ಬಾಲು ತೊದಲುತ್ತಾ ತೊದಲುತ್ತಾ ಬ್ಯಾಟಿನ ತನಕ ಬಂತು. ಮಗಳ ಮುಖದಲ್ಲಿ ನಗು ಬಂತು. ನನಗೆ ಮಾತ್ರ ಸಮಾಧಾನ ಇಲ್ಲ.

"ಹುಲ್ಲಿಲ್ಲ, ನೆರಳಿಲ್ಲ, ನೋಡೋಕೆ ಒಂದು ನರಪಿಳ್ಳೆ ಇಲ್ಲ. ಇದೆಂತ ಮ್ಯಾಚ್ ಮಾರಾಯ?"

"ಸುಮ್ಮನಿರಿ ಅಮ್ಮ. ಇನ್ನೂ ನಿಂತರೆ ಅಂಪೈರನ್ನೂ ಮನೆಗೆ ಕಳಿಸಬೇಕಾಗ್ತದೆ."

ಗಿರಣಿಯವನ ಷರತ್ತು

ಹೋಗುವಾಗ ರಿಪೇರಿಯವನು ಇನ್ನೊಂದು ಹೆದರಿಕೆ ಇಟ್ಟ. "ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ವೋಲ್ಟೇಜ್ ಬೀಳ್ತದೆ. ಆಮೇಲೆ ನನ್ನ ಕೇಳಬೇಡಿ."

ನಾನು ಗಿರಣಿಗೆ ಓಡಿದೆ. "ಭಾನುವಾರ ಮ್ಯಾಚ್ ಮುಗಿಯೋ ತನಕ ನಿಲ್ಲಿಸು ಮಾರಾಯ, ಮಗಳ ಮಾನದ ಪ್ರಶ್ನೆ."

"ನಾನು ನಿಲ್ಲಿಸಿದರೆ ಕೊಪ್ಪದವರು ರೊಟ್ಟಿ ತಿನ್ನೋದು ಬೇಡವಾ?" ಅಂದ. ಆಮೇಲೆ ಹಿಟ್ಟು ಮೆತ್ತಿದ ಮೀಸೆ ಒರೆಸಿಕೊಂಡು, "ಆಗಲಿ. ನನಗೆ ಮುಂದಿನ ಸಾಲಲ್ಲಿ ಜಾಗ ಕೊಡಬೇಕು" ಅಂದ.

ಭಾನುವಾರ ಮಾತಿನಂತೆ ಗಿರಣಿ ನಿಲ್ಲಿಸಿ ಬಂದ. ಬೀಸಲು ಅಕ್ಕಿ ತಂದವರು ಪಾತ್ರೆ ಹಿಡಿದು ಎಷ್ಟು ಹೊತ್ತು ಕಾಯ್ತಾರೆ? ಅವರೂ ಹಿಂದೆಯೇ ಬಂದರು. ಅಷ್ಟು ಕಷ್ಟಪಟ್ಟು ಆಟದೊಳಗಿನ ಜನರನ್ನು ತೆಗೆದಿದ್ದೆವು. ಅವರೆಲ್ಲ ಅಕ್ಕಿ ಪಾತ್ರೆ ಸಮೇತ ನಮ್ಮ ಕೋಣೆಯೊಳಗೇ ಬಂದು ಕೂತ ಹಾಗಾಯಿತು.

ಬೀಗಿತ್ತಿ ಬೀಸಿದ್ದು

ಬೀಗಿತ್ತಿ ಬಂದರು. ಕುರ್ಚಿ ಕೊಟ್ಟೆ, ಬೆಲ್ಲ ನೀರು ಕೊಟ್ಟೆ. ಅವರು ಚೀಲದಿಂದ ಬೀಗ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಗಳಿಗೆ ಪರದೆಯ ಮೇಲೆ ಅರ್ಧ ಕಣ್ಣು, ಬೀಗದ ಮೇಲೆ ಅರ್ಧ ಕಣ್ಣು.

ಶೃಂಗೇರಿಯವನು ಮೊದಲು ಆಡಿ ರನ್ ಪೇರಿಸಿದ. ಮಗಳು ಬೆನ್ನಟ್ಟಿದಳು. ಕೋಣೆ ಬೆವರಿತು, ಡಬ್ಬ ಗರಗರ ಅಂದಿತು. ಕೊನೇ ಬಾಲು, ಎರಡು ರನ್ ಬೇಕು. ಶೃಂಗೇರಿಯವನು ಬಾಲು ಬಿಟ್ಟ.

ಬಾಲು ಗಾಳಿಯಲ್ಲಿ ನಿಂತಿತು.

"ಯಾರೂ ಮುಟ್ಟಬೇಡಿ! ಡಬ್ಬ ಕಾದಿದೆ, ತಣ್ಣಗಾದರೆ ಹೊರಡ್ತದೆ" ಅಂತ ಮ್ಯಾಚ್ ನೋಡಲು ಬಂದಿದ್ದ ರಿಪೇರಿಯವನು ಕೂಗಿದ. ಮಗಳು ಎರಡೂ ಕೈ ಮೇಲೆತ್ತಿದಳು. ಬೀಗಿತ್ತಿಯ ಕೈಯಲ್ಲಿ ಬೀಗ ಕಿಣಿ ಅಂದಿತು.

ನಾನು ಅಡಿಕೆ ಹಾಳೆಯ ಬೀಸಣಿಕೆ ತಂದು ಡಬ್ಬಕ್ಕೆ ಗಾಳಿ ಹಾಕತೊಡಗಿದೆ. ಬೀಗಿತ್ತಿಗೆ ನೋಡಿ ನೋಡಿ ತಡೆಯಲಿಲ್ಲ. "ಅಯ್ಯೋ, ಬಾಣಂತಿಗೆ ಬೀಸೋ ಹಂಗೆ ಬೀಸ್ತೀರಲ್ಲ, ಕೊಡಿ ಇಲ್ಲಿ!" ಅಂತ ಕಿತ್ತುಕೊಂಡು, ಕೆಂಡಕ್ಕೆ ಬೀಸುವ ಹಾಗೆ ರಪರಪ ಬೀಸಿದರು. ಬಾಲು ಮಿಸುಕಿತು. "ಹೊರಡ್ತು, ಹೊರಡ್ತು!" ಅಂತ ಇನ್ನೂ ಜೋರಾಗಿ ಬೀಸಿದರು. ಹಾಳೆಯ ತುದಿ ಕೀಬೋರ್ಡಿಗೆ ಫಟ್ಟನೆ ಹೊಡೆಯಿತು. ಬಾಲು ಬರುವ ಮೊದಲೇ ಪರದೆಯಲ್ಲಿ ನಮ್ಮವ ಬ್ಯಾಟು ಬೀಸಿ ಆಯಿತು. ಸ್ಟಂಪು ಹಾರಿತು.

"ಕೊಪ್ಪದವರನ್ನು ಬಾಳೆಹೊನ್ನೂರಿನವರೇ ಔಟ್ ಮಾಡಿದ್ರು!" ಅಂತ ಶೃಂಗೇರಿಯವನು ಹೊಟ್ಟೆ ಹಿಡಿದು ನಕ್ಕ.

ಬೀಗಿತ್ತಿಯ ಮುಖ ಕೆಂಪಾಯಿತು. ಬೀಗ ಹಿಡಿದು ಎದ್ದು ನಿಂತರು. ಮಗಳು ಕಣ್ಣು ಮುಚ್ಚಿಕೊಂಡಳು.

"ಅತ್ತೆ..."

"ಸುಮ್ನಿರೇ! ಬಾಗಿಲು ಹಾಕೋ ಮಾತು ಆಮೇಲೆ. ಮೊದಲು ಇವನನ್ನು ಸೋಲಿಸಬೇಕು" ಅಂದು ಶೃಂಗೇರಿಯವನ ಕಡೆ ತಿರುಗಿದರು. "ಬರೋ ಭಾನುವಾರ ನಿನ್ನ ಸೆಂಟರಿಗೇ ಬರ್ತೀವಪ್ಪಾ!"

ಯಾರು ಏನಾದರು

ಬೀಗ ದಂಡವಾಗಲಿಲ್ಲ. ಅದನ್ನು ಸೆಂಟರಿಗೆ ಹಾಕಿಕೊಂಡೇ ನಾವೆಲ್ಲ ಶೃಂಗೇರಿ ಬಸ್ ಹತ್ತಿದ್ದು. ಗಿರಣಿಯವನೂ ಬಂದ. ಇವತ್ತಿಗೂ ಅವನು ಮ್ಯಾಚ್ ಇದ್ದ ದಿನ ಗಿರಣಿ ತೆಗೆಯುವುದಿಲ್ಲ. ರಿಪೇರಿಯವನು ಆಮೇಲೆ ನರಸಿಂಹರಾಜಪುರದಲ್ಲಿ ಸ್ವಂತ ಅಂಗಡಿ ಇಟ್ಟ. ಮಗಳ ಸೆಂಟರ್ ಇದ್ದಲ್ಲೇ ಉಳಿಯಿತು, ಬಾಳೆಹೊನ್ನೂರಿನ ಅಂಗಡಿ ಗಲ್ಲಾದಲ್ಲಿ ಅಳಿಯ ಕೂತ. ಶೃಂಗೇರಿಯವನು ಮಾತ್ರ ಹಾಳೆ ಬೀಸಣಿಕೆ ಕಂಡರೆ ದಾರಿ ಬಿಟ್ಟು ನಡೀತಾನೆ.

ಯಾಕಂತೀರಾ? ಅವನದು ಹೊಸ ಮೆಷಿನ್, ಆದರೆ ಗೇಮ್ ಅದೇ ತಾನೇ. ಕೊನೇ ಬಾಲು ಅಲ್ಲೂ ಗಾಳಿಯಲ್ಲಿ ನಿಂತಿತು. ಬ್ಯಾಟು ಅವನದ್ದು. ಬೀಗಿತ್ತಿ ನಿಧಾನಕ್ಕೆ ಚೀಲ ಬಿಚ್ಚಿ, ದೊಡ್ಡದೊಂದು ಹಾಳೆ ಬೀಸಣಿಕೆ ತೆಗೆದು, ಅವನ ಹೆಂಡತಿಯ ಕೈಗೆ ಕೊಟ್ಟು ಹೇಳಿದರು:

"ಬೀಸು ತಂಗಿ. ಚೆನ್ನಾಗಿ, ಜೋರಾಗಿ ಬೀಸು."