ಎಂದೂ ದನಿ ಎತ್ತದ ಅಮ್ಮ

ಆಮಂತ್ರಣ ಪತ್ರಿಕೆ ಬೆಳಗ್ಗೆ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಪ್ರೂಫ್ ರೀಡರ್ ಹಲ್ಲುಜ್ಜುತ್ತಲೇ ಅದನ್ನು ಎತ್ತಿ ಓದಿದ. ಆ ದಿನವೇ ಹನ್ನೊಂದು ಗಂಟೆಗೆ ಆಸ್ಪತ್ರೆಯ ಸಭಾಂಗಣದಲ್ಲಿ ಅವನ ತಾಯಿಯ ಮೊದಲ ವರ್ಷದ ಸ್ಮರಣೆಯ ಸಭೆ. ಮೂವತ್ನಾಲ್ಕು ವರ್ಷ ಅಲ್ಲಿನ ಗಂಡಸರ ವಾರ್ಡನ್ನು ಆಳಿದ ಹೆಡ್ ನರ್ಸ್ ಆಕೆ. ಸ್ವಂತ ಮಗನಿಗೆ ಆಮಂತ್ರಣ ಬಂದದ್ದು ಕೊನೇ ಗಳಿಗೆಯಲ್ಲಿ! ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಅಮ್ಮನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಎಂದೂ ದನಿ ಎತ್ತದ ಮಮತಾಮಯಿ' ಎಂದು ಅಚ್ಚಾಗಿತ್ತು. ಅವನ ಬಾಯಿಯ ನೊರೆಯೆಲ್ಲ ಪತ್ರಿಕೆಯ ಮೇಲೆ ಸಿಡಿಯಿತು.

"ಸುಳ್ಳು! ಶುದ್ಧ ಸುಳ್ಳು!"

ಸಿಟ್ಟು ಬರದೆ ಇರುತ್ತದೆಯೇ ಹೇಳಿ? ಆಕೆ ದನಿ ಎತ್ತಿದರೆ ಮೂರನೇ ಮಹಡಿಯವರೂ ಹಾಸಿಗೆ ಸರಿಮಾಡಿಕೊಳ್ಳುತ್ತಿದ್ದರು. ಕೈ ತೊಳೆಯದೆ ಗಾಯ ಮುಟ್ಟಿದ ದೊಡ್ಡ ಡಾಕ್ಟರನ್ನೇ ಎಲ್ಲರೆದುರು ನಲ್ಲಿಯ ಹತ್ತಿರ ಓಡಿಸಿದವಳು. ಮನೆಯಲ್ಲಿ ಮೊಮ್ಮಗಳಿಗೆ ಜ್ವರ ಬಂದರೆ ಅವಳ ನಾಡಿ ಹಿಡಿದುಕೊಂಡೇ ಪ್ರಾರ್ಥನೆಗೆ ಕೂರುತ್ತಿದ್ದಳು. "ದೇವರೇ, ಈ ಮಗೂನ ನೀನೇ ಕಾಪಾಡಪ್ಪಾ... ಏಯ್, ಬಾಯಿ ಮುಚ್ಚೇ, ಥರ್ಮಾಮೀಟರ್ ಬೀಳತ್ತೆ!... ನಿನ್ನನ್ನೇ ನಂಬಿದ್ದೀನಿ ತಂದೆ." ದೇವರು ಬೆದರಿಯೋ ಏನೋ, ಬೆಳಗಾಗುವುದರೊಳಗೆ ಜ್ವರ ಇಳಿಸುತ್ತಿದ್ದ. ಆ ಬೈಗುಳದಿಂದಲೇ ಬದುಕಿದವರು ಊರ ತುಂಬ ಇದ್ದಾರೆ. ಅಂಥ ಅಮ್ಮನನ್ನು ಹಿಡಿದು ಹಾಲು ಕುಡಿದ ಬೆಕ್ಕಿನ ಹಾಗೆ ಮಾಡಿ ಕೂರಿಸುವುದೆಂದರೇನು?

ಅವನು ಕೆಂಪು ಪೆನ್ಸಿಲ್ ಜೇಬಿಗೆ ಸಿಕ್ಕಿಸಿಕೊಂಡು ಹೊರಟ. ತಪ್ಪು ಕಂಡರೆ ತಿದ್ದದೆ ಬಿಟ್ಟವನಲ್ಲ, ಹೊಟ್ಟೆಪಾಡೇ ಅದು. ವೇದಿಕೆ ಹತ್ತಿ ನಿಜವಾದ ಅಮ್ಮನ ವಿಷಯ ಹೇಳಿಯೇ ಬರುವುದೆಂದು ಹಟ ಹಿಡಿದಿದ್ದ.

ಗೇಟಿನಲ್ಲೇ ಪಕ್ಕದ ಮನೆಯ ಮೇಷ್ಟ್ರು ಅಡ್ಡ ಬಂದರು. ಹೊಟ್ಟೆಯ ಆಪರೇಷನ್ ಆಗಿ ಆಕೆಯ ವಾರ್ಡಿನಲ್ಲಿ ಹದಿನೈದು ದಿನ ಮಲಗಿ ಎದ್ದವರು.

"ಮೇಷ್ಟ್ರೇ, ನೀವೇ ಹೇಳಿ. ನಮ್ಮಮ್ಮ ನಿಮಗೆ ಬಯ್ದಿಲ್ವಾ? 'ಸಾಯೋಕೆ ಬಂದ್ರಾ, ಬದುಕೋಕೆ ಬಂದ್ರಾ? ಎದ್ದು ನಡೀರಿ' ಅಂತ ಕೂಗಿದ್ದು ರಸ್ತೆಗೆ ಕೇಳಿಸಿತ್ತು!"

ಮೇಷ್ಟ್ರು ಅತ್ತಿತ್ತ ನೋಡಿದರು. "ಛೇ ಛೇ, ಪುಣ್ಯಾತ್ಗಿತ್ತಿ, ಎಂದೂ ದನಿ ಎತ್ತಿದವರಲ್ಲ."

"ನೀವೂನಾ!"

"ನೋಡಪ್ಪಾ, ಬಿಸಿಲು ಜಾಸ್ತಿ ಇದೆ. ಸಭೆಗಿಭೆ ಅಂತ ಹೋಗ್ಬೇಡ. ನಿನ್ನ ಪರವಾಗಿ ನಾನೇ ಎರಡು ಮಾತಾಡಿದ್ರಾಯ್ತು."

ನನ್ನ ತಾಯಿಯ ಬಗ್ಗೆ ಮಾತಾಡೋಕೆ ಇವರು ಯಾರು? ಪ್ರೂಫ್ ರೀಡರ್ ಮೈಯೆಲ್ಲ ಉರಿದುಕೊಂಡು ಆಸ್ಪತ್ರೆಗೆ ಹೋದ. ಮೇಷ್ಟ್ರು ಆಟೋ ಹತ್ತಿ ಅವನಿಗಿಂತ ಮೊದಲೇ ತಲುಪಿ, ಸಭಾಂಗಣದ ಬಾಗಿಲಲ್ಲಿ ಯಾರಿಗೋ ಕೈಸನ್ನೆ ಮಾಡುತ್ತಿದ್ದರು. ಕೂಗಾಡುತ್ತ ಒಳಗೆ ನುಗ್ಗಲು ಹೋದವನ ರಟ್ಟೆಯನ್ನು ಹಿಂದಿನಿಂದ ಯಾರೋ ಗಟ್ಟಿಯಾಗಿ ಹಿಡಿದರು. ಅದೇ ಆಸ್ಪತ್ರೆಯಲ್ಲಿ, ಅಜ್ಜಿಯ ವಾರ್ಡಿನಲ್ಲೇ ನರ್ಸ್ ಆಗಿದ್ದ ಅವನ ಮಗಳು.

"ಯಾಕೆ ಕೂಗಾಡ್ತಿದ್ದೀರಿ? ಮುಖ ಕೆಂಪಾಗಿದೆ. ನಡೀರಿ, ಬಿಪಿ ನೋಡ್ಬೇಕು."

ಮನೆಯಲ್ಲಿ 'ನೀನು' ಎನ್ನುವವಳು, ಯೂನಿಫಾರ್ಮ್ ಹಾಕಿದರೆ 'ನೀವು'. ಕೂಗುತ್ತ ಬಂದವರ ತೋಳಿಗೆ ಮೊದಲು ಪಟ್ಟಿ ಸುತ್ತಬೇಕು, ಮಾತು ಆಮೇಲೆ. ಇದು ಅಜ್ಜಿ ಕಲಿಸಿದ ಪದ್ಧತಿ. ಪಕ್ಕದಲ್ಲೇ ಇದ್ದ ವಾರ್ಡಿಗೆ ಎಳೆದೊಯ್ದು ಮಂಚದ ಮೇಲೆ ಕೂರಿಸಿ, ಪಟ್ಟಿ ಬಿಗಿದು, ಗಾಳಿ ಬಿಟ್ಟಳು. ಅವಳ ಹುಬ್ಬು ಗಂಟಿಕ್ಕಿತು.

"ನೂರ ತೊಂಬತ್ತು! ಅಲುಗಾಡ್ಬೇಡಿ. ಮಲ್ಕೊಳ್ಳಿ."

"ಲೇ, ನಾನು ನಿನ್ನಪ್ಪ ಕಣೇ!"

"ವಾರ್ಡಲ್ಲಿ ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ಶೂ ಬಿಚ್ಚಿ."

ಬಿಪಿ ಎಂದರೆ ಪ್ರೂಫ್ ರೀಡರಿಗೆ ಕೈಕಾಲು ತಣ್ಣಗಾಗುತ್ತದೆ. ಮಲಗಿದ. ಅಷ್ಟರಲ್ಲಿ ಮೈಕು ಗೊರಗುಟ್ಟಿ, ಮೇಷ್ಟ್ರ ದನಿ ಕಿಟಕಿಯಿಂದ ತೂರಿ ಬಂತು. "ಆ ತಾಯಿ ಮಾತಾಡಿದರೆ ಪಕ್ಕದ ಮಂಚಕ್ಕೂ ಕೇಳಿಸುತ್ತಿರಲಿಲ್ಲ!" ಅವನು ಎದ್ದ. ಮಗಳು ಒತ್ತಿ ಮಲಗಿಸಿದಳು. ಆಮೇಲೆ ದೊಡ್ಡ ಡಾಕ್ಟರು ಶುರು ಮಾಡಿದರು. "ನಲವತ್ತು ವರ್ಷದ ವೃತ್ತಿಯಲ್ಲಿ ಇಂಥ ಮೃದುಭಾಷಿಯನ್ನು ನಾನು ಕಂಡಿಲ್ಲ..."

"ನಲ್ಲಿ! ಆ ನಲ್ಲಿ ವಿಷಯ ಹೇಳಯ್ಯಾ!" ಪ್ರೂಫ್ ರೀಡರ್ ಕಿರುಚಿದ. ಮಗಳು ಅವನ ಬಾಯಿಗೆ ಥರ್ಮಾಮೀಟರ್ ತುರುಕಿದಳು. ಕಿಟಕಿಯಾಚೆ ಚಪ್ಪಾಳೆ ಬಿತ್ತು. ಅಮ್ಮನ ಹೆಸರಿಗೆ ಬಳಿಯುತ್ತಿದ್ದ ಒಂದೊಂದು ಸುಳ್ಳಿಗೂ ಚಪ್ಪಾಳೆ. ಅವನ ಕಣ್ಣಲ್ಲಿ ನೀರು ಬಂತು. ಇನ್ನು ಆ ಬೈಗುಳ ನೆನೆಯುವವರೇ ಇಲ್ಲವಲ್ಲ ಎಂದು ಸಂಕಟಪಟ್ಟ.

ಸಭೆ ಮುಗಿದ ಮೇಲೆ ದೊಡ್ಡ ಡಾಕ್ಟರೂ ಮೇಷ್ಟ್ರೂ ವಾರ್ಡಿಗೆ ಬಂದರು. ಥರ್ಮಾಮೀಟರ್ ಕಿತ್ತು ಹಾಕಿ ಪ್ರೂಫ್ ರೀಡರ್ ಗುಡುಗಿದ. "ನಾಚಿಕೆ ಆಗಲ್ವಾ ನಿಮಗೆ? ಸತ್ತವಳ ಬಗ್ಗೆ ಹೀಗಾ ಸುಳ್ಳು ಹೇಳೋದು?"

ಡಾಕ್ಟರು ಕೋಟಿನಿಂದ ಮಡಿಚಿದ ಕಾಗದ ತೆಗೆದು ಕೊಟ್ಟರು. ಅಮ್ಮನದೇ ಅಕ್ಷರ. ಕೊನೆಯ ವಾರ ಅದೇ ಆಸ್ಪತ್ರೆಯಲ್ಲಿ ಮಲಗಿ ಬರೆದದ್ದು.

"ನನ್ನ ನೆನಪಿಗೆ ಸಭೆ ಮಾಡಿದರೆ, ಎಂದೂ ದನಿ ಎತ್ತಲಿಲ್ಲ ಅಂತಲೇ ಎಲ್ಲರೂ ಹೇಳತಕ್ಕದ್ದು. ಬಯ್ಯದೆ ಇದ್ದ ದಿನ ಒಂದೂ ಇಲ್ಲ, ನನಗೆ ಗೊತ್ತು. ನನ್ನ ನಾಲಿಗೆ ಮೆತ್ತಗೆ ಮಾಡಪ್ಪಾ ಅಂತ ದೇವರನ್ನು ಮೂವತ್ನಾಲ್ಕು ವರ್ಷ ಬೇಡಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀವಾದರೂ ಹಾಕಿಕೊಳ್ಳಿ. ನನ್ನ ಮಗ ಮಾತ್ರ ಬಂದು ತಿದ್ದುತ್ತಾನೆ. ಸಭೆ ಮುಗಿಯುವ ತನಕ ಬಿಪಿ ಅಂತ ಹೇಳಿ ಅವನನ್ನು ಮಲಗಿಸಿ. ಮೊಮ್ಮಗಳಿಗೆ ಹೇಳಿದ್ದೇನೆ. ಇದರಲ್ಲಿ ಹೆಚ್ಚುಕಮ್ಮಿ ಮಾಡಿದರೆ ನೋಡಿ, ನಾನು ಸುಮ್ಮನಿರುವವಳಲ್ಲ."

"ಮೀರೋಕೆ ನಮಗೆ ಧೈರ್ಯ ಬೇಡ್ವೇನಪ್ಪಾ?" ಎಂದರು ಡಾಕ್ಟರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ತಲೆಯಾಡಿಸಿದರು.

ಪ್ರೂಫ್ ರೀಡರ್ ಕಾಗದವನ್ನು ಎರಡು ಸಲ ಓದಿದ. ತಿದ್ದಲು ಒಂದಕ್ಷರವೂ ಸಿಗಲಿಲ್ಲ. ಮಗಳ ಕಡೆ ತಿರುಗಿದ.

"ಹಾಗಾದ್ರೆ ನನ್ನ ಬಿಪಿ?"

"ಬಂದಾಗ ನೂರ ಇಪ್ಪತ್ತು, ಎಂಬತ್ತು. ಸರಿಯಾಗೇ ಇತ್ತು."

"ಅಯ್ಯೋ ಪಾಪಿಗಳಾ! ಮಗ ಅನ್ನಿಸಿಕೊಂಡವನನ್ನ ಎಲ್ಲರೂ ಸೇರಿ..." ಅವನು ಶೂಗೆ ಕೈ ಹಾಕಿದ.

ಮಗಳು ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಬಿಟ್ಟು, ಎರಡನೇ ಸಲ ನೋಡಿದಳು. ಆಮೇಲೆ ವಾರ್ಡಿನ ಗಾಜೆಲ್ಲ ನಡುಗುವಂತೆ ಕೂಗಿದಳು.

"ಈಗ ನಿಜವಾಗ್ಲೂ ನೂರ ತೊಂಬತ್ತು! ಬಿಡಿ ಆ ಶೂನ! ಎರಡು ದಿನ ಈ ಮಂಚ ಬಿಟ್ಟು ಅಲ್ಲಾಡಿದ್ರೆ ನೋಡಿ!"