ಬಿಸಿ ಮುದ್ದೆಯ ದೂರ

ನಮ್ಮ ದೊಡ್ಡಪ್ಪನಿಗೆ ಮೈಲಿಕಲ್ಲಿನ ಮೇಲೆ ನಂಬಿಕೆ ಇರಲಿಲ್ಲ. ದೇವರ ಮೇಲೆ ಇತ್ತು, ಎತ್ತುಗಳ ಮೇಲೆ ಇತ್ತು, ಎದುರುಮನೆಯವರ ಮೇಲೆ ಕೂಡ ಅಷ್ಟಿಷ್ಟು ಇತ್ತು. ಮೈಲಿಕಲ್ಲಿನ ಮೇಲೆ ಮಾತ್ರ ಸುತರಾಂ ಇರಲಿಲ್ಲ!

"ಕಂಟ್ರಾಕ್ಟರು ಗಾಡೀಲಿ ಹೇರ್ಕಂಡು ಬಂದು, ಎತ್ತಿಗೆ ಎಲ್ಲಿ ಸುಸ್ತಾತೋ ಅಲ್ಲಿ ಇಳಿಸಿ ಹೋದ ಕಲ್ಲು ಕಣ್ಲಾ ಅದು. ಅದನ್ನ ನಂಬ್ಕಂಡು ನಡಿಯಕಾಯ್ತದಾ?" ಎನ್ನುತ್ತಿದ್ದ.

ಹಾಗಾದರೆ ದೂರ ಅಳೆಯುವುದು ಹೇಗೆ? ಮುದ್ದೆಯಿಂದ! ನಗಬೇಡಿ. ದೊಡ್ಡಪ್ಪ ಗಾಡಿ ಹೊಡೆದು ಬದುಕಿದವನು. ಜಾವಗಲ್ ಕಡೆಯ ನಮ್ಮ ಹಳ್ಳಿಯಿಂದ ಅರಸೀಕೆರೆಯ ಮಂಡಿಗೆ ತೆಂಗಿನಕಾಯಿ, ಕೊಬ್ಬರಿ ಸಾಗಿಸುತ್ತಿದ್ದ. ಹೊರಡುವ ಮುಂಚೆ ತಾನೇ ಹಿಟ್ಟು ತಿರುವಿ, ಮುದ್ದೆ ಕಟ್ಟಿ, ಮುತ್ತುಗದ ಎಲೆಯಲ್ಲಿಟ್ಟು, ಮೇಲೊಂದು ಬಟ್ಟೆ ಬಿಗಿಯುತ್ತಿದ್ದ. ಊರು ಮುಟ್ಟಿ ಗಂಟು ಬಿಚ್ಚಿದಾಗ ಕೈ ಸುಟ್ಟರೆ ಅದು ಬಿಸಿ ದೂರ. ಅಂಗೈಗೆ ಹಿತವಾಗಿದ್ದರೆ ಬೆಚ್ಚನೆ ದೂರ. ಆರಿ, ಮೇಲೆ ಚಕ್ಕೆ ಕಟ್ಟಿದ್ದರೆ ತಂಗಳ ದೂರ. ಅದಕ್ಕೂ ಆಚೆಗಿರುವ ಕಾಶಿ, ದಿಲ್ಲಿ ಮುಂತಾದವು? "ಅವು ಊರಲ್ಲ ಕಣ್ಲಾ, ಬರೀ ಸುದ್ದಿ!"

ಈ ಲೆಕ್ಕದಲ್ಲಿ ಅರಸೀಕೆರೆ ಚಳಿಗಾಲದಲ್ಲಿ ದೂರ ಹೋಗುತ್ತಿತ್ತು, ಬೇಸಿಗೆಯಲ್ಲಿ ಹತ್ತಿರ ಬರುತ್ತಿತ್ತು. "ಊರೇನು ಜರುಗುತ್ತದಾ ದೊಡ್ಡಪ್ಪ?" ಎಂದು ನಾನೊಮ್ಮೆ ಕೇಳಿದೆ. "ಮಾಗಿ ಚಳೀಲಿ ಒಂದ್ಸಲ ನಡೆದು ನೋಡು, ಜರುಗ್ತದೋ ಇಲ್ವೋ ಗೊತ್ತಾಯ್ತದೆ" ಎಂದ.

ಇಂಥವನ ಕೈಗೆ ನನ್ನ ವಿದ್ಯಾಭ್ಯಾಸ ಸಿಕ್ಕಿಬಿತ್ತು!

ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ರುಜು ಹಾಕಿದ ಮೊದಲನೆಯವನು ನಾನು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಏನಿಲ್ಲ. ಹಾಸನದ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲಿನಲ್ಲಿ ಸಿಗಲಿಲ್ಲ. ನಮ್ಮಪ್ಪ ಯೋಚಿಸಿ, ಜಗಲಿಯ ಮೇಲೆ ಕೂತು ತೀರ್ಮಾನ ಕೊಟ್ಟ: "ನಮ್ಮಣ್ಣ ಹೂಂ ಅಂದ ಮನೆ ಸಿಕ್ರೆ ಕಾಲೇಜು. ಇಲ್ದಿದ್ರೆ ಅರಸೀಕೆರೆ ಮಂಡೀಲಿ ಕೊಬ್ಬರಿ ತೂಗಕ್ಕೆ ಹೋಗು. ಸಾಹುಕಾರ್ರಿಗೆ ಮಾತು ಕೊಟ್ಟಿವ್ನಿ."

ನಮ್ಮಣ್ಣ ಎಂದರೆ ದೊಡ್ಡಪ್ಪ. ಹೆಂಡತಿ ತೀರಿಹೋಗಿ, ಮಕ್ಕಳಿಲ್ಲದೆ ಒಂಟಿಯಾಗಿದ್ದ ಅವನು ನನ್ನ ಜೊತೆ ಇರಲು ತಾನೇ ಮುಂದಾಗಿದ್ದ. ಆದರೆ ಎತ್ತು, ಗಾಡಿ ಸಮೇತ!

ಮೊದಲು ಹಾಸನದಲ್ಲೇ ಹುಡುಕಿದೆವು. ಮನೆ ಬಾಡಿಗೆಗಿದೆ ಎಂದು ಹಲಗೆ ತೂಗುಹಾಕಿದ್ದ ಮನೆಯ ಯಜಮಾನರು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವು ಯಾವ ಜನ?" ಎಂದು ಕೇಳಿದರು.

ಆ ಪ್ರಶ್ನೆಯ ಅರ್ಥ ಗೊತ್ತಿಲ್ಲದವರು ಈ ದೇಶದಲ್ಲಿ ಯಾರಿದ್ದಾರೆ? ದೊಡ್ಡಪ್ಪನಿಗೆ ಚೆನ್ನಾಗಿಯೇ ಗೊತ್ತಿತ್ತು. ಕೈಮುಗಿದು, "ಜನ ಇಬ್ರು ಸ್ವಾಮಿ, ಎತ್ತು ಎರಡು" ಎಂದ.

ಹಲಗೆ ಅಲ್ಲೇ ತೂಗುತ್ತಿದ್ದಂತೆಯೇ ಮನೆ ಬೇರೆಯವರಿಗೆ ಹೋಗಿದೆಯೆಂದು ಉತ್ತರ ಬಂತು. ಇನ್ನೆರಡು ಕಡೆಯೂ ಹೀಗೆಯೇ ಆಯಿತು. ದೊಡ್ಡಪ್ಪ ರಸ್ತೆಗೆ ಬಂದು ಟವೆಲ್ಲು ಕೊಡವಿ, "ಬಿಡ್ಲಾ, ಅವರ ಅಡುಗೆಮನೇಲಿ ಹಿಟ್ಟಿನ ಕೋಲು ತಿರುಗೋ ಅಷ್ಟು ಜಾಗ ಇಲ್ಲ. ಹಳ್ಳೀಲಿ ಮನೆ ಹಿಡಿಯವ. ಮುದ್ದೆ ಆರೋದ್ರೊಳಗೆ ಕಾಲೇಜು ಸಿಕ್ಬೇಕು, ಅಷ್ಟೆಯ" ಎಂದ.

"ಆರಿದರೇನು ದೊಡ್ಡಪ್ಪ? ತಣ್ಣಗಿನದನ್ನೇ ತಿಂತೀನಿ."

"ತಂಗಳು ತಿಂದು ಗಾಡಿ ಹೊಡೀಬೌದು, ಓದಕಾಯ್ತದೇನ್ಲಾ? ಮುದ್ದೆ ಬಿಸಿ ಐತೆ ಅಂದ್ರೆ ಮನೆ ಇನ್ನೂ ಬೆನ್ನ ಹಿಂದೆ ಐತೆ ಅಂತ."

ಶುರುವಾಯಿತು ನೋಡಿ ಪರೀಕ್ಷೆ! ಮನೆ ನೋಡಲು ಹೋದವರು ಗೋಡೆ ಗಟ್ಟಿಯೇ, ಸೂರು ಸೋರುತ್ತದೆಯೇ ಎಂದು ಕೇಳುತ್ತಾರೆ. ನಮ್ಮವನು ಬಾಗಿಲಲ್ಲೇ ನಿಂತು, "ಒಲೆ ಎಲ್ಲೈತೆ ತಾಯಿ?" ಎನ್ನುತ್ತಿದ್ದ. ಹೆಗಲ ಚೀಲದಲ್ಲಿ ರಾಗಿ ಹಿಟ್ಟು, ಕಂಕುಳಲ್ಲಿ ಹಿಟ್ಟಿನ ಕೋಲು. ಬೇರೆಯವರು ಮಾಡಿದ ಮುದ್ದೆ ಆಗದು. ಅಳತೆಗೋಲು ಊರಿಗೊಂದು ಥರ ಇರಬಾರದಂತೆ!

ಮೊದಲನೆಯ ಮನೆ ಗಂಡಸಿ ಕಡೆ, ಬಸ್ಸಿನ ದಾರಿಯಲ್ಲೇ ಇತ್ತು. ಒಳ್ಳೆಯ ಮನೆ, ಒಳ್ಳೆಯ ಕೊಟ್ಟಿಗೆ. ಮುದ್ದೆ ಕಟ್ಟಿಕೊಂಡು ಹಾಸನದ ಬಸ್ಸು ಹತ್ತಿದೆವು. ಬಸ್ಸು ಹೊರಡಬೇಕಲ್ಲ! ಡ್ರೈವರು ಕಾಫಿಗೆ ಹೋದ, ಮೇಲೆ ಕಾಯಿ ಮೂಟೆ ಏರಿದವು, ಯಾರದೋ ಮೇಕೆ ಇಳಿಯಿತು. ದೊಡ್ಡಪ್ಪ ಗಂಟನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ಒದ್ದಾಡತೊಡಗಿದ.

"ಬೇಗ ಹೊರಡ್ರಪ್ಪ, ಆರ್ತಾ ಐತೆ!"

"ಏನು ಆರ್ತಾ ಐತೆ ಯಜಮಾನ್ರೆ, ದೀಪವಾ?" ಎಂದ ಕಂಡಕ್ಟರು.

"ನನ್ ಮಗನ ಓದು ಕಣಯ್ಯ!"

ಹಾಸನದಲ್ಲಿ ಬಿಚ್ಚಿದಾಗ ಮುದ್ದೆ ಚಕ್ಕೆ ಕಟ್ಟಿತ್ತು. ದೊಡ್ಡಪ್ಪ ಅದನ್ನು ಎರಡಾಗಿ ಮುರಿದು ಅರ್ಧವನ್ನು ಕಂಡಕ್ಟರನ ಕೈಗಿಟ್ಟ. "ತಗಳಪ್ಪ. ಆರಿಸಿದೋನು ನೀನು, ತಿನ್ನೋನೂ ನೀನೇ." ಆ ಕಂಡಕ್ಟರೋ ನಮಗಿಂತ ಗಟ್ಟಿಗ. ಮುದ್ದೆಯನ್ನು ತಿರುಗಿಸಿ ನೋಡಿ, "ಸಾರು ಎಲ್ಲಿ ಯಜಮಾನ್ರೆ?" ಎನ್ನಬೇಕೆ!

ಎರಡನೆಯದು ಹಳೇಬೀಡಿನಲ್ಲಿ, ಬಸದಿಗಳ ಹತ್ತಿರ. ಜಮೀನುದಾರರಾದ ಜೈನರೊಬ್ಬರು ತಮ್ಮ ತೋಟದ ಪಕ್ಕದ ಮನೆಯನ್ನು ತೋರಿಸಿದರು. ಯಾವ ಜನವೆಂದು ಕೇಳಲಿಲ್ಲ. "ಓದೋ ಹುಡುಗ, ಬಾಡಿಗೆಯ ಮಾತು ಬೇಡ. ನಮ್ಮದೊಂದೇ ಕಟ್ಟುಪಾಡು. ಹೊತ್ತು ಮುಳುಗಿದ ಮೇಲೆ ಈ ಆವರಣದಲ್ಲಿ ಒಲೆ ಹಚ್ಚುವಂತಿಲ್ಲ, ಹುಳುಹುಪ್ಪಟೆ ಬಿದ್ದು ಸಾಯುತ್ತವೆ" ಎಂದರು. ನಾನು ಸಂತೋಷದಿಂದ ತಲೆಯಾಡಿಸಿದೆ. ದೊಡ್ಡಪ್ಪ ಆಕಾಶ ನೋಡಿದ. ಹಾಸನದಿಂದ ಬಸ್ಸು ವಾಪಸು ಬರುವುದೇ ಹೊತ್ತು ಮುಳುಗಿದ ಮೇಲೆ!

"ನಿಮ್ಮಂಥೋರು ಸಿಗೋದು ನಮ್ಮ ಪುಣ್ಯ ಸ್ವಾಮಿ" ಎಂದು ಕೈಮುಗಿದ. "ಆದ್ರೆ ಇಲ್ಲಿ ಮುದ್ದೆ ಆರೋ ಮಾತಿರ್ಲಿ, ರಾತ್ರಿ ಅದು ಹುಟ್ಟೋದೇ ಇಲ್ವಲ್ಲ!" ಅವರು ಮನಸಾರೆ ನಕ್ಕು, ನಮಗೆ ಹೊತ್ತಿರುವಾಗಲೇ ಊಟ ಹಾಕಿ ಕಳಿಸಿದರು.

ಕಾಲೇಜು ಶುರುವಾಗುವ ಸೋಮವಾರ ಹತ್ತಿರ ಬಂತು. ಮಂಡಿಯ ಸಾಹುಕಾರರು ಹೇಳಿ ಕಳಿಸಿದ್ದರು. ಅಪ್ಪ ನನಗೆಂದು ಹೊಸ ಟವೆಲ್ಲು ತಂದಿಟ್ಟಿದ್ದ. ಕಾಲೇಜಿಗೆ ಹೋಗುವವನಿಗೆ ಹೆಗಲ ಮೇಲೆ ಟವೆಲ್ಲು ಯಾಕೆ? ನನಗೆ ಅರ್ಥವಾಯಿತು. ಆ ಟವೆಲ್ಲನ್ನು ನಾನು ಮುಟ್ಟಲೇ ಇಲ್ಲ.

ಶನಿವಾರ ಕೊನೆಯ ಮನೆಗೆ ಹೋದೆವು. ಅರಸೀಕೆರೆಯಿಂದ ಹಾಸನಕ್ಕೆ ಹೋಗುವ ರೈಲು ದಾರಿಯಲ್ಲಿ ಒಂದು ಪುಟ್ಟ ಸ್ಟೇಷನ್ನು, ಅದರ ಪಕ್ಕದ ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಮನೆ. ಅರ್ಧದಲ್ಲಿ ಅಜ್ಜಿ, ಇನ್ನರ್ಧ ಖಾಲಿ, ಹಿಂದೆ ಕೊಟ್ಟಿಗೆ.

"ಮನೆ ನೋಡಕ್ ಬಂದೋರು ಗೋಡೆ ನೋಡ್ತಾರೆ. ನೀನೇನ್ಲಾ ಒಲೆ ಮುಂದೆ ಕುಂತ್ಬಿಟ್ಟೆ?" ಎಂದು ಅಜ್ಜಿ ದಬಾಯಿಸಿತು.

"ಗೋಡೆ ತಿನ್ನಕಾಯ್ತದಾ ಅಜ್ಜಿ?"

"ಹಂಗಾದ್ರೆ ನಂಗೂ ಒಂದು ಮುದ್ದೆ ಕಟ್ಟು. ಬಾಡಿಗೆ ಆಮೇಲೆ ಮಾತಾಡವ."

ಅಜ್ಜಿ ಗೆದ್ದಿತು. ನಾವು ರೈಲು ಹತ್ತಿದೆವು. ನನಗೆ ಧೈರ್ಯವಿತ್ತು. ಗಾಡಿ ಹೊರಟರೆ ಹಾಸನ ಎಷ್ಟು ಹೊತ್ತಿನ ಮಾತು? ಆದರೆ ಮುಂದಿನ ಸ್ಟೇಷನ್ನಿನಲ್ಲಿ ನಿಂತ ರೈಲು ನಿಂತೇ ಬಿಟ್ಟಿತು. ಎದುರಿನಿಂದ ಗೂಡ್ಸ್ ಗಾಡಿ ಬರಬೇಕಂತೆ. ಹೊರಗೆ ಜಿನುಗು ಮಳೆ, ಕಿಟಕಿಯಲ್ಲಿ ತಣ್ಣನೆ ಗಾಳಿ. ಗೂಡ್ಸೂ ಇಲ್ಲ, ಗೂಡ್ಸಿನ ಹೊಗೆಯೂ ಇಲ್ಲ!

"ದೊಡ್ಡಪ್ಪ, ಗಂಟಿಗೆ ನಿನ್ನ ಕಂಬಳಿ ಸುತ್ತು" ಎಂದೆ.

ದೊಡ್ಡಪ್ಪನಿಗೆ ಸಿಟ್ಟು ಬಂತು. "ಅಳತೇಲಿ ಮೋಸ ಮಾಡ್ತೀಯೇನ್ಲಾ? ದಿನಾ ಮುದ್ದೆಗೆ ಕಂಬಳಿ ಹೊದಿಸ್ಕಂಡು ಬತ್ತೀಯಾ? ಮುದ್ದೆ ವಿಷಯದಾಗೆ ನಾನು ಯಾವತ್ತೂ ಸುಳ್ಳು ಹೇಳ್ದೋನಲ್ಲ."

ಅದು ನಿಜ. ಎತ್ತಿನ ವಯಸ್ಸಿನ ಬಗ್ಗೆ ಹೇಳಿದ್ದಾನೆ, ಕಾಯಿಯ ಲೆಕ್ಕದಲ್ಲಿ ಹೇಳಿದ್ದಾನೆ. ಮುದ್ದೆಯ ಬಗ್ಗೆ ಇಲ್ಲ.

ಕಾಲೇಜಿನ ಗೇಟಿನ ಮುಂದೆ ದೊಡ್ಡಪ್ಪ ಮಂಡಿಯೂರಿ ಕೂತು ಗಂಟು ಬಿಚ್ಚಿದ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅಂಗೈಯನ್ನು ಮುದ್ದೆಯ ಮೇಲಿಟ್ಟು, ತಲೆಯೆತ್ತಿ ನನ್ನ ಮುಖ ನೋಡಿದ. ಗೇಟಿನ ಸಂದಿಯಿಂದ ಕಾಣುತ್ತಿದ್ದ ಕಾಲೇಜಿನ ಕಟ್ಟಡವನ್ನು ನೋಡಿದ. ಮತ್ತೆ ನನ್ನ ಮುಖ ನೋಡಿದ.

"ಬಿಸಿ ಐತೆ!" ಎಂದು ಗಟ್ಟಿಯಾಗಿ ಕೂಗಿದ.

ಗೇಟಿನಲ್ಲಿದ್ದ ಜವಾನ ಕುತೂಹಲದಿಂದ ಬಂದು ಒಂದು ಬೆರಳಿಟ್ಟ. "ತಣ್ಣಗೈತಲ್ಲ ಯಜಮಾನ್ರೆ?"

"ನಿನ್ ಕೈಯೇ ಬಿಸಿ ಐತೆ, ಅದಕ್ಕೆ ಹಂಗನ್ಸ್ತದೆ."

"ಏನಿದು, ಯಾಕೆ ಗುಂಪು?" ಎನ್ನುತ್ತ ಕೋಟು ಹಾಕಿದ ಮೇಷ್ಟರೊಬ್ಬರು ಬಂದರು. ದೊಡ್ಡಪ್ಪ ಎದ್ದು ನಿಂತು, "ಏನಿಲ್ಲ ಬುದ್ಧಿ, ನಿಮ್ ಕಾಲೇಜಿಗೆ ಒಂದು ಪರೀಕ್ಷೆ ಮಡಗಿದ್ವಿ. ಪಾಸಾತು!" ಎಂದ.

ನಾನೂ ಮುಟ್ಟಿ ನೋಡಿದೆ. ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಬಟ್ಟೆ ಮುಚ್ಚಿ ಗಂಟು ಬಿಗಿದೆ.

ಸಂಜೆ ಜಗಲಿಯ ಮೇಲೆ ಅಪ್ಪ, "ಹೆಂಗಿತ್ತಣ್ಣ?" ಎಂದು ಕೇಳಿದ. "ಕೈ ಸುಡ್ತು ಕಣೋ ತಮ್ಮ, ನೋಡು ಬೇಕಾದ್ರೆ!" ಎಂದು ದೊಡ್ಡಪ್ಪ ಅಂಗೈ ಚಾಚಿದ. ಅದರ ಮೇಲಿದ್ದದ್ದು ಎತ್ತಿನ ಹಗ್ಗ ಎಳೆದ ಬರೆ! ಊರವರೆಲ್ಲ ಒಬ್ಬೊಬ್ಬರಾಗಿ ಅದನ್ನು ನೋಡಿ, ಹೌದು ಸುಟ್ಟಿದೆ ಎಂದು ಒಪ್ಪಿಕೊಂಡರು. ಹೊಸ ಟವೆಲ್ಲನ್ನು ಅಪ್ಪ ತಾನೇ ಹೆಗಲಿಗೆ ಹಾಕಿಕೊಂಡ.

ಮುಂದಿನದು ನಿಮಗೆ ಗೊತ್ತಿರುವ ಕಥೆಯೇ. ಅಜ್ಜಿಯ ಮನೆಯಿಂದ ಆ ರೈಲಿನಲ್ಲಿ ಹೋಗಿ ಬಂದು ಓದಿದೆ, ಬಿ.ಎ. ಆದೆ. ಪದವಿಯನ್ನು ಬಾಗಿಲ ಮೇಲೆ ಬರೆಸಿದೆ, ಕೊಡೆಯ ಮೇಲೆ ಬರೆಸಿದೆ, ಬಿಟ್ಟಿದ್ದರೆ ಎತ್ತಿನ ಕೊಂಬಿಗೂ ಬರೆಸುತ್ತಿದ್ದೆ! ಕಷ್ಟಪಟ್ಟು ಗಳಿಸಿದ್ದನ್ನು ಮುಚ್ಚಿಟ್ಟುಕೊಳ್ಳುವುದು ಯಾಕೆ? ಕೆಲಸವೂ ಸಿಕ್ಕಿತು, ಹೈಸ್ಕೂಲು ಮೇಷ್ಟರ ಕೆಲಸ. ಬಿಜಾಪುರದಲ್ಲಿ!

ಅರಸೀಕೆರೆ ಜಂಕ್ಷನ್ನಿಗೆ ದೊಡ್ಡಪ್ಪ ಗಾಡಿ ಹೊಡೆದುಕೊಂಡು ಬಂದು ರೈಲು ಹತ್ತಿಸಿದ. "ಬಿಜಾಪುರ ಎಷ್ಟು ದೂರ ಐತ್ಲಾ?" ಎಂದ. ನಾನು ಮೈಲಿ ಹೇಳಲು ಬಾಯಿ ತೆರೆದೆ. ಕೈಯೆತ್ತಿ ತಡೆದು, ಎಲೆ ಸುತ್ತಿದ ಗಂಟೊಂದನ್ನು ಮಡಿಲಿಗಿಟ್ಟ. "ಅಲ್ಲಿ ಹೋಗಿ ಬಿಚ್ಚು. ಬಂದಾಗ ಹೇಳು."

ಬಿಜಾಪುರ ಮುಟ್ಟಿದ್ದು ಮಾರನೆಯ ದಿನ. ರೊಟ್ಟಿಯ ಸೀಮೆಯ ಆ ಪ್ಲಾಟ್‌ಫಾರಮ್ಮಿನ ಮೇಲೆ ಕೂತು ಗಂಟು ಬಿಚ್ಚಿದೆ. ಹುಳಿ ವಾಸನೆ, ಮೇಲೆಲ್ಲ ಚಕ್ಕೆ. ಚೂರೂ ಬಿಡದೆ ತಿಂದೆ.

ದಸರಾ ರಜಕ್ಕೆ ಊರಿಗೆ ಬಂದಾಗ ಜಗಲಿಯ ತುಂಬ ಜನ. ದೊಡ್ಡಪ್ಪ ಕಂಬಕ್ಕೆ ಒರಗಿ ಕೂತಿದ್ದ, ಮೈ ಇಳಿದುಹೋಗಿತ್ತು. ಸಂಬಳ ಎಷ್ಟೆಂದು ಕೇಳಲಿಲ್ಲ, ಊರು ಹೇಗಿದೆಯೆಂದು ಕೇಳಲಿಲ್ಲ.

"ಹೆಂಗಿತ್ಲಾ?"

"ಕೈ ಸುಡ್ತು ದೊಡ್ಡಪ್ಪ" ಎಂದು ಅಂಗೈ ಚಾಚಿದೆ.

ಸೀಮೆಸುಣ್ಣ ಬಿಟ್ಟು ಬೇರೇನನ್ನೂ ಹಿಡಿಯದ ಕೈ, ಅದರಲ್ಲಿ ಒಂದು ಗೀರೂ ಇರಲಿಲ್ಲ. ದೊಡ್ಡಪ್ಪ ಅದನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ತಂದು ನೋಡಿದ. ಆಮೇಲೆ ಜಗಲಿಯವರ ಕಡೆ ತಿರುಗಿದ.

"ನೋಡ್ರಲಾ, ಬೊಬ್ಬೆ ಎದ್ದೈತೆ. ಬಿಜಾಪುರ ಇಲ್ಲೇ ಹತ್ರದಾಗೇ ಐತೆ."

ಕೈ ಮಾತ್ರ ಬಿಡಲಿಲ್ಲ.